ಕಣಗಳ ಓಟಕ್ಕೆ ಲಗಾಮು ಹಿಡಿದ ತಂತ್ರಾಂಶ

1972ರ ಮಾರ್ಚ್ 11ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಬೆಂಟ್ ಸ್ಟಂಪೆ ಎಂಬ ಎಂಜಿನಿಯರ್ ಕೈಯಲ್ಲೇ ಬರೆದ ಟಿಪ್ಪಣಿಯೊಂದನ್ನು ಸಹೋದ್ಯೋಗಿ ಫ್ರಾಂಕ್ ಬೆಕ್ ಅವರಿಗೆ ಕೊಟ್ಟರು. ಸುಮಾರು 7 ಕಿಲೋಮೀಟರ್ ಸುತ್ತಳತೆಯ ಹೊಸ ಕಣವೇಗವರ್ಧಕ ಎಸ್‌ಪಿಎಸ್ ಆಗ ಅಲ್ಲಿ ನೆಲದಡಿಯಲ್ಲಿ ಸಿದ್ಧವಾಗುತ್ತಿತ್ತು. ಹಳೆಯ ರೂಢಿಯಂತೆ ಹೋದರೆ ಅದರ ಒಂದೊಂದು ಅಯಸ್ಕಾಂತಕ್ಕೂ ಒಂದೊಂದು ನಿರ್ವಾತ ಪಂಪಿಗೂ ಕಂಟ್ರೋಲ್ ರೂಮಿನಲ್ಲಿ ಬೇರೆ ಬೇರೆ ಗುಂಡಿ, ಬೇರೆ ಬೇರೆ ಮೀಟರು, ಅಲ್ಲಿಂದ ಸುರಂಗದವರೆಗೆ ಬೇರೆ ಬೇರೆ ತಂತಿ ಬೇಕಿತ್ತು. ಅಷ್ಟು ಗುಂಡಿಗಳಿಗೆ ಗೋಡೆಯೂ ಸಾಲದು, ನೋಡಿಕೊಳ್ಳಲು ಜನರೂ ಸಾಲರು. ಸ್ಟಂಪೆ ಸೂಚಿಸಿದ ದಾರಿ ಬೇರೆಯಾಗಿತ್ತು. ಒಂದು ಪಾರದರ್ಶಕ ಪರದೆ, ಬೆರಳು ತಾಗಿದೊಡನೆ ಅದನ್ನು ಗುರುತಿಸುವ 16 ಜಾಗಗಳು. ಯಾವ ಜಾಗ ಯಾವ ಕೆಲಸಕ್ಕೆ ಎಂಬುದನ್ನು ಕಂಪ್ಯೂಟರು ಆಗಾಗ ಬದಲಿಸುತ್ತದೆ. 1976ರಲ್ಲಿ ಎಸ್‌ಪಿಎಸ್ ಓಡತೊಡಗಿದಾಗ ಅದರ ಆಪರೇಟರುಗಳು ಟಚ್ ಸ್ಕ್ರೀನ್ ಒತ್ತಿ ಕೆಲಸ ಮಾಡುತ್ತಿದ್ದರು. ಅಂಥ ಪರದೆ ಜನಸಾಮಾನ್ಯರ ಅಂಗೈಗೆ ಬರಲು ಮುಂದೆ ಮೂವತ್ತು ವರ್ಷಗಳೇ ಬೇಕಾದವು.

ಅದೇ ಸರ್ನ್‌ನಲ್ಲಿ 1980ರಲ್ಲಿ ಇನ್ನೊಬ್ಬ ಯುವಕ ಆರು ತಿಂಗಳ ಗುತ್ತಿಗೆಯ ಮೇಲೆ ಬಂದು, ಪಿಎಸ್ ಬೂಸ್ಟರ್ ಎಂಬ ಚಿಕ್ಕ ವೇಗವರ್ಧಕದ ನಿಯಂತ್ರಣ ತಂತ್ರಾಂಶದ ಕೆಲಸಕ್ಕೆ ಸೇರಿದ. ಯಾವ ಪ್ರೋಗ್ರಾಂ ಯಾವ ಉಪಕರಣವನ್ನು ನಡೆಸುತ್ತದೆ, ಅದನ್ನು ಬರೆದವರು ಯಾರು ಎಂಬ ಗೋಜಲನ್ನು ನೆನಪಿಟ್ಟುಕೊಳ್ಳಲು ತನ್ನ ಅನುಕೂಲಕ್ಕೆ 'ಎನ್‌ಕ್ವಯರ್' ಎಂಬ ಪುಟ್ಟ ಪ್ರೋಗ್ರಾಂ ಬರೆದುಕೊಂಡ. ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ಕೊಂಡಿ ಹಾಕುವ ಆ ಪ್ರೋಗ್ರಾಮಿನ ಯೋಚನೆಯೇ ಒಂಬತ್ತು ವರ್ಷಗಳ ಬಳಿಕ ವರ್ಲ್ಡ್ ವೈಡ್ ವೆಬ್‌ನ ಪ್ರಸ್ತಾವವಾಗಿ ಬೆಳೆಯಿತು. ಯುವಕನ ಹೆಸರು ಟಿಮ್ ಬರ್ನರ್ಸ್-ಲೀ.

ವೇಗವರ್ಧಕಗಳ ಬಗ್ಗೆ ಬರುವ ಸುದ್ದಿಯೆಲ್ಲ ಕಣಗಳದ್ದು, ನೊಬೆಲ್ ಬಹುಮಾನದ್ದು. ಆ ಯಂತ್ರಗಳನ್ನು ಹಗಲಿರುಳು ಹಿಡಿದು ನಡೆಸುವ ತಂತ್ರಾಂಶಕ್ಕೆ ಸುದ್ದಿಯಲ್ಲಿ ಜಾಗ ಸಿಗುವುದು ಅಪರೂಪ. ಆದರೆ ಕಳೆದ ಅರ್ಧ ಶತಮಾನದಲ್ಲಿ ವಿಜ್ಞಾನಲೋಕ ಒಟ್ಟಾಗಿ ಕಟ್ಟಿಕೊಂಡ ಅತ್ಯುತ್ತಮ ಸಲಕರಣೆಗಳ ಪಟ್ಟಿಯಲ್ಲಿ ಇದಕ್ಕೂ ನ್ಯಾಯವಾಗಿ ಜಾಗ ಸಲ್ಲಬೇಕು. ಯಾರೋ ಒಬ್ಬರ ಸ್ವತ್ತಾಗದೆ, ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹಂಚಿಹೋಗಿ, ಪ್ರತಿ ಊರಿನಲ್ಲೂ ಸ್ವಲ್ಪ ಸ್ವಲ್ಪ ತಿದ್ದಿಸಿಕೊಂಡು ಬಾಳಿರುವ ತಂತ್ರಾಂಶ ಇದು.

ಕಷ್ಟ ಎಲ್ಲಿದೆ ಎಂದು ತಿಳಿಯಲು ಸರ್ನ್‌ನ ದೊಡ್ಡ ಯಂತ್ರವಾದ ಎಲ್‌ಎಚ್‌ಸಿಯನ್ನೇ ನೋಡಬಹುದು. ಸುತ್ತಳತೆ 27 ಕಿಲೋಮೀಟರ್. ಪ್ರೋಟಾನುಗಳನ್ನು ಬಾಗಿಸುವ ಮುಖ್ಯ ಅಯಸ್ಕಾಂತಗಳೇ 1,232. ಒಂದೊಂದೂ 15 ಮೀಟರ್ ಉದ್ದ, 35 ಟನ್ ತೂಕ. ಅವೆಲ್ಲ ದ್ರವ ಹೀಲಿಯಮ್‌ನಲ್ಲಿ ಮುಳುಗಿ ಮೈನಸ್ 271 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿರಬೇಕು, 11,000 ಆಂಪಿಯರ್ ಮೀರಿದ ಕರೆಂಟು ಅವುಗಳ ಮೂಲಕ ಹಾಯಬೇಕು. ಪ್ರೋಟಾನುಗಳು ಸೆಕೆಂಡಿಗೆ 11,245 ಸುತ್ತು ಹಾಕುತ್ತವೆ, ಅಂದರೆ ಒಂದು ಸುತ್ತಿಗೆ 89 ಮೈಕ್ರೊಸೆಕೆಂಡ್. ಯಂತ್ರದ ಮೂಲ ವಿನ್ಯಾಸದಂತೆ ಒಂದು ದಿಕ್ಕಿನ ಕಿರಣದಲ್ಲಿ ಅಡಗಿರುವ ಶಕ್ತಿ 362 ಮೆಗಾಜೌಲ್. ಅರ್ಧ ಟನ್ ತಾಮ್ರವನ್ನು ಕರಗಿಸಲು ಅಷ್ಟು ಸಾಕು. ಕಿರಣವಾದರೋ ಕೂದಲೆಳೆಯಷ್ಟು ತೆಳ್ಳಗಿರುತ್ತದೆ.

ಆಪರೇಟರ್ ಇರುವುದು ಸುರಂಗದಿಂದ ಬಹು ದೂರದ ಕೋಣೆಯಲ್ಲಿ. ಯಂತ್ರ ನಡೆಯುತ್ತಿರುವಾಗ ವಿಕಿರಣದ ಕಾರಣ ಯಾರೂ ಒಳಗೆ ಇಳಿಯುವಂತಿಲ್ಲ. ಹಾಗಾಗಿ ಒಳಗೆ ಏನಾಗುತ್ತಿದೆ ಎಂದು ತಿಳಿಯುವುದಾದರೆ ಅದು ತಂತ್ರಾಂಶದ ಮೂಲಕವೇ.

ಇಂಥ ಯಂತ್ರಗಳಿಗೆ ಆರಂಭದಲ್ಲಿ ಪ್ರತಿ ಪ್ರಯೋಗಾಲಯವೂ ತನ್ನದೇ ತಂತ್ರಾಂಶ ಬರೆದುಕೊಳ್ಳುತ್ತಿತ್ತು. ಎಸ್‌ಪಿಎಸ್‌ಗಾಗಿ ಮೈಕೆಲ್ ಕ್ರೌಲಿ-ಮಿಲ್ಲಿಂಗ್ ಅವರ ತಂಡ 'ನೋಡಲ್' ಎಂಬ ಭಾಷೆಯನ್ನೇ ರೂಪಿಸಿತು. ಅದರಲ್ಲಿ ಭೌತವಿಜ್ಞಾನಿ ತಾನೇ ನಾಲ್ಕು ಸಾಲು ಬರೆದು, ಸುರಂಗದ ಬೇರೊಂದು ಮೂಲೆಯ ಕಂಪ್ಯೂಟರಿನಲ್ಲಿ ಓಡಿಸಬಹುದಿತ್ತು. ಷಿಕಾಗೋ ಬಳಿಯ ಫರ್ಮಿಲ್ಯಾಬ್ ತನ್ನದೇ ಆದ 'ಎಸಿನೆಟ್' ಕಟ್ಟಿಕೊಂಡಿತು. ಚೆನ್ನಾಗಿಯೇ ಕೆಲಸ ಮಾಡಿದವು, ನಿಜ. ಆದರೆ ಬರೆದವರು ನಿವೃತ್ತರಾದರೆ, ಕಂಪ್ಯೂಟರ್ ಕಂಪನಿ ಬಾಗಿಲು ಮುಚ್ಚಿದರೆ ಮುಂದೇನು ಎಂಬ ಚಿಂತೆ ಎಲ್ಲ ಕಡೆ ಇತ್ತು. 1987ರಲ್ಲಿ ಸ್ವಿಟ್ಜರ್ಲೆಂಡಿನ ವಿಲ್ಲಾರ್‌ನಲ್ಲಿ ಈ ಕೆಲಸದವರು ಮೊದಲ ಬಾರಿಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿದರು. ಎರಡು ವರ್ಷಕ್ಕೊಮ್ಮೆ ಅದು ಈಗಲೂ ನಡೆಯುತ್ತಿದೆ.

ಎಲ್ಲರೂ ಹಂಚಿಕೊಳ್ಳುವ ತಂತ್ರಾಂಶ ಹುಟ್ಟಿದ ಜಾಗ ಮಾತ್ರ ಯಾರೂ ಊಹಿಸದಂಥದ್ದು. ಅಮೆರಿಕದ ನ್ಯೂ ಮೆಕ್ಸಿಕೊದ ಲಾಸ್ ಅಲಾಮೋಸ್‌ನಲ್ಲಿ 1980ರ ದಶಕದ ಕೊನೆಗೆ 'ಗ್ರೌಂಡ್ ಟೆಸ್ಟ್ ಆಕ್ಸಿಲರೇಟರ್' ಎಂಬ ಯಂತ್ರ ಕಟ್ಟಲಾಗುತ್ತಿತ್ತು. ರೊನಾಲ್ಡ್ ರೇಗನ್ ಕಾಲದ 'ಸ್ಟಾರ್ ವಾರ್ಸ್' ರಕ್ಷಣಾ ಯೋಜನೆಯ ಭಾಗ ಅದು. ಕಣಗಳ ಕಿರಣದಿಂದ ಕ್ಷಿಪಣಿಗಳನ್ನು ಎದುರಿಸಬಹುದೇ ಎಂಬ ಹುಡುಕಾಟ. ಅದರ ನಿಯಂತ್ರಣಕ್ಕೆ ಬಾಬ್ ಡೆಲೇಸಿಯೊ, ಜೆಫ್ ಹಿಲ್ ಮತ್ತು ಜೊತೆಗಾರರು ಒಂದು ತಂತ್ರಾಂಶ ಬರೆದರು. ಇತ್ತ ಷಿಕಾಗೋ ಹೊರವಲಯದ ಆರ್ಗಾನ್ ಪ್ರಯೋಗಾಲಯ 'ಅಡ್ವಾನ್ಸ್ಡ್ ಫೋಟಾನ್ ಸೋರ್ಸ್' ಎಂಬ 1,104 ಮೀಟರ್ ಸುತ್ತಳತೆಯ ಎಕ್ಸ್-ಕಿರಣ ಯಂತ್ರಕ್ಕೆ ಸಿದ್ಧತೆ ನಡೆಸಿತ್ತು. ಅಲ್ಲಿನ ಮಾರ್ಟಿ ಕ್ರೈಮರ್ 1989ರಲ್ಲಿ ಲಾಸ್ ಅಲಾಮೋಸ್‌ಗೆ ಹೋಗಿ, ಆ ತಂತ್ರಾಂಶವನ್ನು ಬಳಸಿ ನೋಡಿ ಮೆಚ್ಚಿದರು. ಎರಡೂ ಕಡೆಯವರು ಒಟ್ಟಿಗೆ ಮುಂದುವರಿಸಲು ಒಪ್ಪಿದರು. ಅದಕ್ಕೆ ಇಟ್ಟ ಹೊಸ ಹೆಸರು 'ಎಪಿಕ್ಸ್'. ಶೀತಲ ಸಮರ ಮುಗಿದಾಗ ಆಯುಧದ ಯೋಜನೆ ನಿಂತುಹೋಯಿತು, ಅದರ ತಂತ್ರಾಂಶ ಮಾತ್ರ ಔಷಧಗಳ ಅಣುರಚನೆಯನ್ನೂ ಬ್ಯಾಟರಿಗಳ ಒಳಗನ್ನೂ ಪರೀಕ್ಷಿಸುವ ಯಂತ್ರಗಳ ಜೊತೆ ಉಳಿದು ಬೆಳೆಯಿತು.

ಎಪಿಕ್ಸ್‌ನ ಮೂಲ ಆಲೋಚನೆ ತೀರಾ ಸರಳ. ಯಂತ್ರದಲ್ಲಿ ಅಳೆಯಬಹುದಾದ, ಬದಲಿಸಬಹುದಾದ ಪ್ರತಿಯೊಂದಕ್ಕೂ ಒಂದು ಹೆಸರು. ಏಳನೇ ವಿಭಾಗದ ಮೂರನೇ ಅಯಸ್ಕಾಂತದ ಕರೆಂಟಿಗೆ ಒಂದು ಹೆಸರು, ಅದೇ ಅಯಸ್ಕಾಂತದ ತಾಪಮಾನಕ್ಕೆ ಇನ್ನೊಂದು, ಪಕ್ಕದ ನಿರ್ವಾತ ಮಾಪಕಕ್ಕೆ ಮತ್ತೊಂದು. ಇವಕ್ಕೆ ಈ ಕೆಲಸದವರು ಪಿವಿ ಅನ್ನುತ್ತಾರೆ. ದೊಡ್ಡ ಪ್ರಯೋಗಾಲಯದಲ್ಲಿ ಪಿವಿಗಳು ಲಕ್ಷಗಳ ಲೆಕ್ಕದಲ್ಲಿರುತ್ತವೆ. ಹೆಸರಿಡುವುದಕ್ಕೆಂದೇ ನಿಯಮಗಳ ಪುಸ್ತಕ ಇರುತ್ತದೆ, ಅದರ ಬಗ್ಗೆ ಸಭೆಗಳು ನಡೆಯುತ್ತವೆ, ಆ ಸಭೆಗಳಲ್ಲಿ ಜಗಳವೂ ಆಗುತ್ತದೆ. ಅದು ಕ್ಷುಲ್ಲಕ ಜಗಳವಲ್ಲ. ಈ ಸಲ ಇಟ್ಟ ಹೆಸರನ್ನು ಇನ್ನು ಇಪ್ಪತ್ತು ವರ್ಷ ರಾತ್ರಿ ಪಾಳಿಯ ಆಪರೇಟರ್ ನಿದ್ದೆಗಣ್ಣಲ್ಲೂ ತಪ್ಪದೆ ಗುರುತಿಸಬೇಕು.

ಪ್ರತಿ ಹೆಸರಿನ ಹಿಂದೆಯೂ ಒಂದು 'ರೆಕಾರ್ಡ್' ಇರುತ್ತದೆ. ಬೆಲೆ ಎಷ್ಟು, ಅಳತೆಯ ಘಟಕ ಯಾವುದು, ಎಷ್ಟು ಹೊತ್ತಿಗೊಮ್ಮೆ ಓದಬೇಕು, ಯಾವ ಮಿತಿ ದಾಟಿದರೆ ಎಚ್ಚರಿಕೆ, ಯಾವುದನ್ನು ದಾಟಿದರೆ ಅಪಾಯ ಎಂಬುದೆಲ್ಲ ಅದರಲ್ಲೇ ನಮೂದಾಗಿರುತ್ತದೆ. ಹತ್ತು ಸೆಕೆಂಡಿಗೊಮ್ಮೆ ಓದು ಎಂದರೆ ಹಾಗೆ. ಸೆಕೆಂಡಿಗೆ ಹತ್ತು ಸಲ ಎಂದರೆ ಹಾಗೆ. ಉಪಕರಣವೇ ಸೂಚನೆ ಕೊಟ್ಟಾಗ ಓದು ಎಂದರೂ ಸರಿ. ಇದರಿಂದ ಆದ ದೊಡ್ಡ ಅನುಕೂಲವೆಂದರೆ, ಹೊಸ ಪಂಪ್ ಸೇರಿಸಲು ಯಾರೂ ಹೊಸ ಪ್ರೋಗ್ರಾಂ ಬರೆಯಬೇಕಿಲ್ಲ. ಪಂಪಿನ ಬಗ್ಗೆ ಕೆಲವು ಸಾಲು ತುಂಬಿದರೆ ಸಾಕು. ಯಂತ್ರವನ್ನು ಬಲ್ಲವರು ಪ್ರೋಗ್ರಾಮರುಗಳಲ್ಲದಿದ್ದರೂ ಯಂತ್ರವನ್ನು ವಿವರಿಸಬಲ್ಲರು. ಎಪಿಕ್ಸ್ ಇಷ್ಟು ಕಡೆ ಹಬ್ಬಲು ಮುಖ್ಯ ಕಾರಣ ಇದೇ ಇರಬೇಕು.

ಈ ರೆಕಾರ್ಡುಗಳನ್ನು ಹೊತ್ತ ಕಂಪ್ಯೂಟರುಗಳು ಉಪಕರಣಗಳ ಪಕ್ಕದಲ್ಲೇ, ಸುರಂಗದುದ್ದಕ್ಕೂ ಚದುರಿಕೊಂಡಿರುತ್ತವೆ. ಇವನ್ನು ಐಒಸಿ ಎಂದು ಕರೆಯುತ್ತಾರೆ. ಇವಕ್ಕೆಲ್ಲ ಮೇಲೆ ಯಜಮಾನನಂಥ ಒಂದು ಮುಖ್ಯ ಕಂಪ್ಯೂಟರ್ ಇಲ್ಲ. ಕಂಟ್ರೋಲ್ ರೂಮಿನ ಪರದೆಗೆ ಯಾವುದೋ ಪಿವಿಯ ಬೆಲೆ ಬೇಕಾದರೆ ಅದು ಜಾತ್ರೆಯ ಗದ್ದಲದಲ್ಲಿ ತಪ್ಪಿಸಿಕೊಂಡವರನ್ನು ಹೆಸರು ಹಿಡಿದು ಕೂಗುವಂತೆ ಇಡೀ ನೆಟ್‌ವರ್ಕಿಗೆ ಕೇಳುವ ಹಾಗೆ ಆ ಹೆಸರನ್ನು ಕೂಗುತ್ತದೆ. ಆ ಹೆಸರು ಯಾವ ಐಒಸಿಯಲ್ಲಿದೆಯೋ ಅದು ಓಗೊಡುತ್ತದೆ. ಆಮೇಲೆ ಇಬ್ಬರ ನಡುವೆ ನೇರ ಸಂಪರ್ಕ. ಬೆಲೆ ಬದಲಾದಾಗಲೆಲ್ಲ ಐಒಸಿ ತಾನಾಗಿ ತಿಳಿಸುತ್ತದೆ, ಪದೇ ಪದೇ ಕೇಳಬೇಕಿಲ್ಲ. ಜೆಫ್ ಹಿಲ್ ರೂಪಿಸಿದ ಈ ಸಂವಹನ ಕ್ರಮದ ಹೆಸರು 'ಚಾನೆಲ್ ಆಕ್ಸೆಸ್'. ಮೂವತ್ತೈದು ವರ್ಷಗಳ ಬಳಿಕವೂ ಅದು ಬಳಕೆಯಲ್ಲಿದೆ. ಒಂದು ಐಒಸಿ ಕೆಟ್ಟರೆ ಅದರ ಪಾಲಿನ ಹೆಸರುಗಳಷ್ಟೇ ಪರದೆಯಲ್ಲಿ ಬಿಳಿಚಿಕೊಳ್ಳುತ್ತವೆ, ಉಳಿದ ಯಂತ್ರ ತನ್ನ ಪಾಡಿಗೆ ನಡೆಯುತ್ತದೆ.

ಕೇಳುವ, ಹೇಳುವ ಕ್ರಮ ಒಂದೇ ಆದ್ದರಿಂದ ಅದರ ಮೇಲೆ ಬೇರೆಯವರು ತಮಗೆ ಬೇಕಾದ ಸಲಕರಣೆಗಳನ್ನು ಕಟ್ಟಿಕೊಂಡರು. 'ಸಿಎಗೆಟ್' ಎಂದು ಟೈಪ್ ಮಾಡಿ ಮುಂದೆ ಒಂದು ಹೆಸರು ಬರೆದರೆ ಅದರ ಬೆಲೆ ಕಾಣುತ್ತದೆ. 'ಸಿಎಪುಟ್' ಎಂದರೆ ಬೆಲೆ ಬದಲಾಗುತ್ತದೆ. ಪರದೆಗಳನ್ನು ಚಿತ್ರ ಬಿಡಿಸಿದಷ್ಟು ಸುಲಭವಾಗಿ ಜೋಡಿಸಲು 'ಕಂಟ್ರೋಲ್ ಸಿಸ್ಟಮ್ ಸ್ಟುಡಿಯೊ' ಬಂತು. ಪೈಥಾನ್ ಕಲಿತ ವಿದ್ಯಾರ್ಥಿಗೆ 'ಪೈಎಪಿಕ್ಸ್' ಇದೆ. ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದವರು ಪ್ರಯೋಗಗಳ ಅನುಕ್ರಮವನ್ನು ಬರೆಯಲು 'ಬ್ಲೂಸ್ಕೈ' ಕಟ್ಟಿದರು. ವರ್ಷಗಟ್ಟಲೆಯ ಅಳತೆಗಳನ್ನು ಕೂಡಿಡಲು 'ಆರ್ಕೈವರ್ ಅಪ್ಲಯನ್ಸ್' ಇದೆ. 2017ರ ಕೊನೆಗೆ ಬಂದ ಎಪಿಕ್ಸ್ 7 ಬಿಡಿ ಅಂಕಿಗಳ ಜೊತೆಗೆ ಇಡೀ ಚಿತ್ರ, ಕೋಷ್ಟಕಗಳನ್ನೂ ಒಂದೇ ಕಂತೆಯಾಗಿ ಸಾಗಿಸಬಲ್ಲದು.

ಇವುಗಳಲ್ಲಿ ಹೆಚ್ಚು ಗಮನ ಬೇಡುವುದು ಎಚ್ಚರಿಕೆಯ ವ್ಯವಸ್ಥೆ, ಅಂದರೆ ಅಲಾರಂ. ಲಕ್ಷ ಹೆಸರುಗಳಿದ್ದು, ಪ್ರತಿಯೊಂದಕ್ಕೂ ಮಿತಿ ಹಾಕಿದರೆ ಏನಾದೀತು? ಒಂದು ವಿದ್ಯುತ್ ಸರಬರಾಜು ಕೈಕೊಟ್ಟ ಕ್ಷಣದಲ್ಲಿ ಅದನ್ನು ನಂಬಿದ ನೂರಾರು ಉಪಕರಣಗಳು ಒಟ್ಟಿಗೆ ಕೂಗಿಕೊಳ್ಳುತ್ತವೆ, ಪರದೆ ಕೆಂಪಾಗುತ್ತದೆ, ಮೂಲ ಕಾರಣ ಯಾವುದೆಂದೇ ತಿಳಿಯದಾಗುತ್ತದೆ. ಟೆನೆಸಿಯ ಓಕ್ ರಿಡ್ಜ್‌ನಲ್ಲಿರುವ ನ್ಯೂಟ್ರಾನ್ ಯಂತ್ರದ ತಂಡ ಈ ಅನುಭವದಿಂದ ಕಲಿತು ಹೊಸ ಅಲಾರಂ ತಂತ್ರಾಂಶ ರೂಪಿಸಿ, ಅದಕ್ಕೆ ಹುಮ್ಮಸ್ಸಿನಿಂದ 'ಬೀಸ್ಟ್' ಎಂದು ಹೆಸರಿಟ್ಟಿತು. ಅಲ್ಲಿ ಪ್ರತಿ ಅಲಾರಮ್ಮಿನ ಜೊತೆ, ಅದು ಬಂದಾಗ ಆಪರೇಟರ್ ಏನು ಮಾಡಬೇಕು ಎಂಬ ಸೂಚನೆಯನ್ನೂ ಬರೆದಿಡಬೇಕು. ಮಾಡಬೇಕಾದದ್ದು ಏನೂ ಇಲ್ಲವಾದರೆ ಅಂಥ ಅಲಾರಂ ಇಡುವ ಅಗತ್ಯವೇ ಇಲ್ಲ. ಆಸ್ಪತ್ರೆಯ ಐಸಿಯುಗಳಿಗೂ ವಿದ್ಯುತ್ ಸ್ಥಾವರಗಳಿಗೂ ಈ ವಿವೇಕ ಬೇಕು.

ನೋಡುವುದು ಒಂದು ಕೆಲಸ, ನೆನಪಿಡುವುದು ಇನ್ನೊಂದು. ಅದರ ಮಹತ್ವವನ್ನು ಎಲ್‌ಎಚ್‌ಸಿ ದುಬಾರಿ ಬೆಲೆ ತೆತ್ತು ಕಲಿಯಿತು. 2008ರ ಸೆಪ್ಟೆಂಬರ್ 10ರಂದು ಇಡೀ ಜಗತ್ತು ನೋಡುತ್ತಿರುವಾಗ ಅದರಲ್ಲಿ ಮೊದಲ ಕಿರಣ ಸುತ್ತಿತು. ಒಂಬತ್ತೇ ದಿನಕ್ಕೆ, ಸೆಪ್ಟೆಂಬರ್ 19ರ ಬೆಳಗ್ಗೆ, ಸುರಂಗದ ಒಂದು ಭಾಗದ ಅಯಸ್ಕಾಂತಗಳಿಗೆ ಕರೆಂಟು ಏರಿಸುತ್ತಿದ್ದಾಗ 8,700 ಆಂಪಿಯರ್ ಮಟ್ಟದಲ್ಲಿ ಎರಡು ಅಯಸ್ಕಾಂತಗಳ ನಡುವಿನ ಒಂದು ಬೆಸುಗೆ ಬಿಟ್ಟಿತು. ವಿದ್ಯುತ್ ಕಿಡಿ ಹೀಲಿಯಮ್ ಕೊಳವೆಗೆ ತೂತು ಕೊರೆಯಿತು. ಟನ್‌ಗಟ್ಟಲೆ ಹೀಲಿಯಮ್ ಒಮ್ಮೆಲೇ ಹಿಗ್ಗಿ, ಹತ್ತಾರು ಟನ್ ತೂಕದ ಅಯಸ್ಕಾಂತಗಳನ್ನು ನೆಲದ ಹಿಡಿತದಿಂದ ಕಿತ್ತು ಸರಿಸಿತು. 53 ಅಯಸ್ಕಾಂತಗಳನ್ನು ಮೇಲೆತ್ತಿ ದುರಸ್ತಿ ಮಾಡಬೇಕಾಯಿತು ಅಥವಾ ಬದಲಿಸಬೇಕಾಯಿತು. ಯಂತ್ರ ಮತ್ತೆ ಓಡಿದ್ದು 2009ರ ನವೆಂಬರ್‌ನಲ್ಲಿ.

ತನಿಖೆಯವರು ಸಂಗ್ರಹದಲ್ಲಿದ್ದ ಹಳೆಯ ಅಳತೆಗಳನ್ನು ತೆರೆದು ಕೂತರು. ಅವಘಡಕ್ಕೆ ನಾಲ್ಕು ದಿನ ಮುಂಚೆ, ಸೆಪ್ಟೆಂಬರ್ 15ರಂದು, ಅದೇ ಭಾಗಕ್ಕೆ 7,000 ಆಂಪಿಯರ್ ಹಾಯಿಸಿ ನೋಡಲಾಗಿತ್ತು. ಅವತ್ತಿನ ತಾಪಮಾನದ ದಾಖಲೆಯಲ್ಲಿ ಅದೇ ಜಾಗದಲ್ಲಿ ಒಂದು ಸಣ್ಣ ಏರಿಕೆ ಇತ್ತು. ಬೆಸುಗೆಯ ವಿದ್ಯುತ್ ನಿರೋಧ ಇರಬೇಕಾದ್ದಕ್ಕಿಂತ ನೂರಾರು ಪಟ್ಟು ಹೆಚ್ಚಿತ್ತು ಎಂದು ಲೆಕ್ಕ ಹಾಕಲು ಆ ದಾಖಲೆ ಸಾಕಾಯಿತು. ತಂತ್ರಾಂಶ ಅದನ್ನು ಅಳೆದಿತ್ತು, ಬರೆದೂ ಇಟ್ಟಿತ್ತು. ಅಷ್ಟು ಚಿಕ್ಕ ಏರಿಕೆಯನ್ನು ಹುಡುಕು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಮುಂದೆ ನಡೆದದ್ದು ಇನ್ನೂ ಮುಖ್ಯ. ಅದೇ ವಿಧಾನವನ್ನು, ಅಂದರೆ ಕರೆಂಟನ್ನು ಒಂದು ಮಟ್ಟದಲ್ಲಿ ನಿಲ್ಲಿಸಿ ಎಲ್ಲಿ ಬಿಸಿ ಏರುತ್ತದೆಂದು ನೋಡುವುದನ್ನು, ಉಳಿದ ಭಾಗಗಳಿಗೂ ಅನ್ವಯಿಸಿದರು. ಇನ್ನೊಂದು ಕಡೆ, ಒಂದು ಅಯಸ್ಕಾಂತದ ಒಳಗೇ ಕೆಟ್ಟ ಬೆಸುಗೆ ಸಿಕ್ಕಿತು. ಅದನ್ನು ಹೊರತೆಗೆದು ನೋಡಿದಾಗ ಲೆಕ್ಕ ಸರಿಯಾಗಿತ್ತು. ಬಳಿಕ ಅಯಸ್ಕಾಂತಗಳ ನಡುವಿನ ಸುಮಾರು 10,000 ಬೆಸುಗೆಗಳನ್ನು ಸದಾ ಕಾಯುವ ಹೊಸ ವ್ಯವಸ್ಥೆ ಬಂತು. ಕೂಡಿಟ್ಟ ಅಂಕಿಗಳನ್ನು ಹೊರೆ ಎಂದುಕೊಳ್ಳುವ ಆಡಳಿತಗಾರರು ಎಲ್ಲೆಡೆ ಇದ್ದಾರೆ. ಅಂಥವರು ಈ ಪ್ರಸಂಗವನ್ನು ಓದಲೇಬೇಕು.

ಹೀಗಿದ್ದರೂ ಈ ಕೆಲಸವನ್ನು ಬಲ್ಲ ಎಂಜಿನಿಯರುಗಳು ಒಂದು ವಿಷಯದಲ್ಲಿ ತಂತ್ರಾಂಶವನ್ನು ನಂಬುವುದಿಲ್ಲ. ಕಿರಣ ದಾರಿ ತಪ್ಪಿದರೆ ಅದನ್ನು ಹೊರಹಾಕುವ ನಿರ್ಧಾರವನ್ನು ಕಂಟ್ರೋಲ್ ರೂಮಿನ ಕಂಪ್ಯೂಟರಿಗೆ ಬಿಟ್ಟಿಲ್ಲ. ಎಲ್‌ಎಚ್‌ಸಿಯ ಸುತ್ತ ಸುಮಾರು 4,000 ಕಣಸೋರಿಕೆ ಮಾಪಕಗಳಿವೆ. ಅವು 40 ಮೈಕ್ರೊಸೆಕೆಂಡ್‌ನಷ್ಟು ಕಿರಿದಾದ ಅವಧಿಯ ಸೋರಿಕೆಯನ್ನೂ ಗುರುತಿಸುತ್ತವೆ. ಮಿತಿ ದಾಟಿದರೆ ಉಂಗುರದ ಸುತ್ತ ಹರಿಯುತ್ತಿರುವ 'ಎಲ್ಲ ಸರಿಯಿದೆ' ಎಂಬ ಸಂಕೇತ ಕಡಿದುಹೋಗುತ್ತದೆ. ಕಡಿದೊಡನೆ ಸುಮಾರು ಮೂರು ಸುತ್ತಿನ ಒಳಗೆ ಪೂರ್ತಿ ಕಿರಣ ಪಕ್ಕದ ಸುರಂಗಕ್ಕೆ ತಿರುಗಿ ಗ್ರಾಫೈಟ್ ದಿಮ್ಮಿಗೆ ಬಡಿಯುತ್ತದೆ. ಇದೆಲ್ಲ ಕಾರ್ಯಾಚರಣಾ ವ್ಯವಸ್ಥೆಯ ಹಂಗಿಲ್ಲದ ಎಲೆಕ್ಟ್ರಾನಿಕ್ಸ್. ಸಂಕೇತ ಬಂದರೆ ನಿಲ್ಲಿಸುವ ವ್ಯವಸ್ಥೆಯಲ್ಲ ಇದು, ಸಂಕೇತ ಇಲ್ಲವಾದರೆ ನಿಲ್ಲಿಸುವುದು. ತಂತಿಯೇ ತುಂಡಾದರೂ ಯಂತ್ರ ಕ್ಷೇಮದ ಕಡೆಗೇ ವಾಲುತ್ತದೆ. ತಂತ್ರಾಂಶ ಆಮೇಲೆ ಬಂದು, ಏನಾಯಿತೆಂದು ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ ವಿವರ ಜೋಡಿಸುತ್ತದೆ.

ಈ ಎಚ್ಚರದ ಹಿಂದೆ ಮನುಷ್ಯರ ಪ್ರಾಣ ಹೋದ ಕಥೆಯಿದೆ. ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಲೀನಿಯರ್ ಆಕ್ಸಿಲರೇಟರ್ ಕೂಡ ಒಂದು ಕಣವೇಗವರ್ಧಕವೇ. ಕೆನಡಾದ ಎಇಸಿಎಲ್ ಸಂಸ್ಥೆಯ 'ಥೆರಾಕ್-25' ಯಂತ್ರದಲ್ಲಿ, ಹಿಂದಿನ ಮಾದರಿಯಲ್ಲಿದ್ದ ವಿದ್ಯುತ್ ಮತ್ತು ಯಾಂತ್ರಿಕ ತಡೆಗಳನ್ನು ತೆಗೆದು ಆ ಹೊಣೆಯನ್ನು ತಂತ್ರಾಂಶಕ್ಕೆ ವಹಿಸಲಾಗಿತ್ತು. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳು ಅತಿಯಾದ ವಿಕಿರಣಕ್ಕೆ ತುತ್ತಾದರು. ಕನಿಷ್ಠ ಮೂವರು ಅದರಿಂದಲೇ ತೀರಿಕೊಂಡರು. ಟೆಕ್ಸಸ್‌ನ ಟೈಲರ್ ಎಂಬ ಊರಿನ ಕ್ಯಾನ್ಸರ್ ಕೇಂದ್ರದಲ್ಲಿ 1986ರಲ್ಲಿ ಎರಡು ಸಲ ಹೀಗಾಯಿತು. ಪರದೆಯ ಮೇಲೆ 'ಮಾಲ್‌ಫಂಕ್ಷನ್ 54' ಎಂದಷ್ಟೇ ಬರುತ್ತಿತ್ತು. ಅಲ್ಲಿನ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಆಪರೇಟರ್ ಜೊತೆ ಕೂತು, ಅವರು ಅಂದು ಒತ್ತಿದ ಕೀಲಿಗಳನ್ನು ಅದೇ ವೇಗದಲ್ಲಿ ಮತ್ತೆ ಮತ್ತೆ ಒತ್ತಿಸಿ ಕಾರಣ ಹುಡುಕಿದರು. ಎಕ್ಸ್-ಕಿರಣಕ್ಕೆ ಎಂದು ತಪ್ಪಾಗಿ ಟೈಪ್ ಮಾಡಿ, ಸುಮಾರು ಎಂಟು ಸೆಕೆಂಡಿನೊಳಗೆ ಎಲೆಕ್ಟ್ರಾನ್ ಎಂದು ತಿದ್ದಿದರೆ, ಯಂತ್ರದ ಒಂದು ಭಾಗ ತಿದ್ದಿದ್ದನ್ನು ಗಮನಿಸುತ್ತಲೇ ಇರಲಿಲ್ಲ. ಅಯಸ್ಕಾಂತಗಳು ತಮ್ಮ ಸ್ಥಿತಿಗೆ ಬರಲು ಬೇಕಾದ ಹೊತ್ತೇ ಆ ಎಂಟು ಸೆಕೆಂಡು. ಕೈ ಚುರುಕಾಗಿದ್ದ ಅನುಭವಿ ಆಪರೇಟರಿಗೇ ಆ ದೋಷ ಎದುರಾಗುತ್ತಿತ್ತು.

ಇದರಲ್ಲಿ ಅತ್ಯಂತ ನೋವಿನ ಸಂಗತಿ ಇನ್ನೊಂದಿದೆ. ಅದೇ ದೋಷ ಹಳೆಯ ಥೆರಾಕ್-20 ಯಂತ್ರದಲ್ಲೂ ಇತ್ತು. ಅಲ್ಲಿ ಅದು ತಲೆದೋರಿದಾಗಲೆಲ್ಲ ಫ್ಯೂಸ್ ಹೋಗಿ ಯಂತ್ರ ನಿಲ್ಲುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಪ್ರಕಟಿಸಿದ ಈ ಅವಘಡಗಳ ತನಿಖಾ ಲೇಖನವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ.

ಭಾರತದ ಪಾಲೂ ಈ ಕ್ಷೇತ್ರದಲ್ಲಿ ಸಣ್ಣದಲ್ಲ. ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರ ಹೆಸರು ಹೊತ್ತ ಇಂದೋರಿನ ಕೇಂದ್ರದಲ್ಲಿ 172.5 ಮೀಟರ್ ಸುತ್ತಳತೆಯ ಇಂಡಸ್-2 ಎಲೆಕ್ಟ್ರಾನ್ ಉಂಗುರ ನಡೆಯುತ್ತಿದೆ. ಅದರ ನಿಯಂತ್ರಣವನ್ನು ಅಲ್ಲಿಯವರೇ ಮೂರು ಸ್ತರಗಳಲ್ಲಿ ಕಟ್ಟಿದರು. ಕೆಳಗೆ ಉಪಕರಣಗಳ ಬಳಿ ವಿಎಂಇ ಫಲಕಗಳು, ಮೇಲೆ ಆಸ್ಟ್ರಿಯಾದ ಒಂದು ಕೈಗಾರಿಕಾ ತಂತ್ರಾಂಶ. ಅದೇ ತಂತ್ರಾಂಶದ ಮುಂದಿನ ರೂಪ ಸರ್ನ್‌ನಲ್ಲೂ ಶೈತ್ಯೀಕರಣ, ನಿರ್ವಾತ ಮುಂತಾದ ವಿಭಾಗಗಳನ್ನು ನೋಡಿಕೊಳ್ಳುತ್ತದೆ. ಎಪಿಕ್ಸ್ ಒಂದೇ ದಾರಿಯಲ್ಲ ಎಂಬುದಕ್ಕೆ ಇದು ಸಾಕ್ಷಿ. 2012ರಲ್ಲಿ ವೇಗವರ್ಧಕಗಳ ಕಂಪ್ಯೂಟರ್ ನಿಯಂತ್ರಣದ ಬಗೆಗಿನ ಅಂತರರಾಷ್ಟ್ರೀಯ ಕಾರ್ಯಾಗಾರವೊಂದು ಕೋಲ್ಕತ್ತದ ಸೈಕ್ಲೋಟ್ರಾನ್ ಕೇಂದ್ರದಲ್ಲಿ ನಡೆಯಿತು. ಎಲ್‌ಎಚ್‌ಸಿಯ ಅಯಸ್ಕಾಂತಗಳನ್ನು ಹೊತ್ತು, ಕೂದಲೆಳೆಯಷ್ಟು ನಿಖರವಾಗಿ ಸರಿಹೊಂದಿಸುವ ಸಾವಿರಾರು ಜ್ಯಾಕ್‌ಗಳು ಭಾರತದಿಂದಲೇ ಹೋದವು. ಅವುಗಳನ್ನು ತಯಾರಿಸಿದ ಕಂಪನಿಗಳಲ್ಲಿ ಬೆಂಗಳೂರಿನ ಅವಸರಾಲ ಆಟೊಮೇಷನ್ ಒಂದು.

ಎಪಿಕ್ಸ್‌ಗೆ ಯುರೋಪಿನಲ್ಲಿ ಒಬ್ಬ ಜೊತೆಗಾರನಿದ್ದಾನೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಇಎಸ್‌ಆರ್‌ಎಫ್ ಎಕ್ಸ್-ಕಿರಣ ಕೇಂದ್ರದಲ್ಲಿ ಹುಟ್ಟಿದ 'ಟ್ಯಾಂಗೊ'. ಅದರಲ್ಲಿ ಬಿಡಿಬಿಡಿ ಅಂಕಿಗಳಿಗಲ್ಲ, ಇಡೀ ಉಪಕರಣಕ್ಕೇ ಹೆಸರು. ಆ ಉಪಕರಣಕ್ಕೆ ಗುಣಗಳಿವೆ, ಅದು ಪಾಲಿಸುವ ಆಜ್ಞೆಗಳಿವೆ, ಅದರ ಈಗಿನ ಸ್ಥಿತಿ ಇದೆ. ಸ್ಪೇನ್, ಇಟಲಿ, ಸ್ವೀಡನ್, ಜರ್ಮನಿಯ ಕೇಂದ್ರಗಳು ಅದನ್ನು ಒಟ್ಟಾಗಿ ಬೆಳೆಸಿದವು. ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಕಟ್ಟಲಾಗುತ್ತಿರುವ ಎಸ್‌ಕೆಎ ರೇಡಿಯೊ ದೂರದರ್ಶಕ ತನ್ನ ನಿಯಂತ್ರಣಕ್ಕೆ ಆರಿಸಿಕೊಂಡದ್ದೂ ಟ್ಯಾಂಗೊವನ್ನೇ. ಆ ದೂರದರ್ಶಕವನ್ನು ನಡೆಸುವ ತಂತ್ರಾಂಶದ ಹೊಣೆಯಲ್ಲಿ ದೊಡ್ಡ ಪಾಲು ಪುಣೆಯ ರೇಡಿಯೊ ಖಗೋಳವಿಜ್ಞಾನ ಕೇಂದ್ರವಾದ ಎನ್‌ಸಿಆರ್‌ಎ ಹಾಗೂ ಭಾರತದ ಸಾಫ್ಟ್‌ವೇರ್ ಎಂಜಿನಿಯರುಗಳದ್ದು. ಇತ್ತ, ಗುರುತ್ವ ಅಲೆಗಳನ್ನು ಪತ್ತೆ ಮಾಡಿದ ಲೈಗೊ ವೀಕ್ಷಣಾಲಯ ಎಪಿಕ್ಸ್ ಬಳಸುತ್ತದೆ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿರುವ ಲೈಗೊ-ಇಂಡಿಯಾಕ್ಕೆ ಕೇಂದ್ರ ಸಂಪುಟ 2023ರ ಏಪ್ರಿಲ್‌ನಲ್ಲಿ ಪೂರ್ಣ ಒಪ್ಪಿಗೆ ಕೊಟ್ಟಿದೆ.

ಈಗ ಆಪರೇಟರ್ ಪಕ್ಕದಲ್ಲಿ ಹೊಸಬ ಬಂದು ಕೂತಿದ್ದಾನೆ. ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದ ಎಕ್ಸ್-ಕಿರಣ ಲೇಸರನ್ನು ಪ್ರಖರಗೊಳಿಸಲು ಆಪರೇಟರುಗಳು ಹತ್ತಾರು ಅಯಸ್ಕಾಂತಗಳನ್ನು ಒಂದೊಂದಾಗಿ ತಿರುವುತ್ತ ಕೂರಬೇಕಿತ್ತು. ಎಲ್ಲಿ ತಿರುವಿದರೆ ಹೆಚ್ಚು ಫಲ ಎಂದು ಹಿಂದಿನ ಅನುಭವದ ದತ್ತಾಂಶದಿಂದ ಅಂದಾಜಿಸಿ, ತಾನೇ ಮುಂದಿನ ಹೆಜ್ಜೆ ಆರಿಸುವ ಗಣಿತ ವಿಧಾನವನ್ನು ಅಲ್ಲಿನ ತಂಡ ಅಳವಡಿಸಿ 2020ರಲ್ಲಿ ಪ್ರಕಟಿಸಿತು. ಅದು ಅಯಸ್ಕಾಂತಕ್ಕೆ ಕೈ ಹಾಕುವುದೂ ಹೆಸರು ಹಿಡಿದು ಬೆಲೆ ಬರೆಯುವ ಅದೇ ಹಳೆಯ ಬಾಗಿಲಿನಿಂದ. ದಶಕಗಳ ಹಿಂದೆ ಯಾರೋ ಹೆಸರುಗಳನ್ನು ಅಚ್ಚುಕಟ್ಟಾಗಿ ಇಟ್ಟಿರದಿದ್ದರೆ ಇವತ್ತಿನ ಬುದ್ಧಿವಂತ ಪ್ರೋಗ್ರಾಮಿಗೆ ಹಿಡಿಯಲು ಹಿಡಿಕೆಯೇ ಇರುತ್ತಿರಲಿಲ್ಲ.

ಆ ಬಾಗಿಲಿಗೆ ಬೀಗ ಸಡಿಲ ಎಂಬುದೂ ನಿಜ. ಚಾನೆಲ್ ಆಕ್ಸೆಸ್ ಹುಟ್ಟಿದ ಕಾಲದಲ್ಲಿ ಪ್ರಯೋಗಾಲಯದ ನೆಟ್‌ವರ್ಕ್ ಎಂದರೆ ಪರಸ್ಪರ ಪರಿಚಯವಿದ್ದವರ ಮನೆ. ಸಂದೇಶಗಳಿಗೆ ಗೂಢಲಿಪಿ ಇಲ್ಲ. ಹೊರಗಿನ ಜಾಲದಿಂದ ಬೇರ್ಪಡಿಸಿ ಇಡುವುದೇ ಮುಖ್ಯ ರಕ್ಷಣೆ. 2023ರ ಜೂನ್‌ನಲ್ಲಿ ಬರ್ಲಿನ್‌ನ ಹೆಲ್ಮ್‌ಹೋಲ್ಟ್ಸ್ ಕೇಂದ್ರದ ಕಂಪ್ಯೂಟರ್ ವ್ಯವಸ್ಥೆಯ ಮೇಲೆ ಸೈಬರ್ ದಾಳಿ ನಡೆದು, ಅಲ್ಲಿನ ಬೆಸ್ಸಿ-2 ಯಂತ್ರವನ್ನೂ ನಿಲ್ಲಿಸಬೇಕಾಯಿತು. ಎಪಿಕ್ಸ್ ಬಳಗ ಈಗ ಗುರುತು ಪರಿಶೀಲಿಸಿ, ಮಾತನ್ನು ಗೂಢಲಿಪಿಗಿಳಿಸುವ ಹೊಸ ಸಂವಹನ ಕ್ರಮದ ಮೇಲೆ ಕೆಲಸ ಮಾಡುತ್ತಿದೆ.

ಕಲಿಯಬೇಕೆನ್ನುವವರಿಗೆ ಇವೆಲ್ಲ ಉಚಿತವಾಗಿ ಸಿಗುತ್ತವೆ. ಎಪಿಕ್ಸ್ ಮುಕ್ತ ಪರವಾನಗಿಯ ತಂತ್ರಾಂಶ. ಮೊದಲು ದುಬಾರಿ ಕಾರ್ಯಾಚರಣಾ ವ್ಯವಸ್ಥೆಗೆ ಅಂಟಿಕೊಂಡಿದ್ದದ್ದು ಈಗ ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ, ಅಂಗೈಯಗಲದ ರಾಸ್ಪ್‌ಬೆರಿ ಪೈ ಮೇಲೂ ಓಡುತ್ತದೆ. ಹಾಸನದ್ದೋ ಬೆಳಗಾವಿಯದ್ದೋ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಒಂದು ತಾಪಮಾನ ಸೆನ್ಸರ್ ಜೋಡಿಸಿ, ಹತ್ತು ಸಾಲಿನ ರೆಕಾರ್ಡ್ ಬರೆದರೆ ಅವಳ ಮೇಜಿನ ಮೇಲೆ ಓಡುವುದು ಆರ್ಗಾನ್‌ನ ಉಂಗುರದಲ್ಲಿ ಓಡುವ ತಂತ್ರಾಂಶವೇ. ನಮ್ಮ ಕಾಲೇಜುಗಳ ಪ್ರಯೋಗಾಲಯದ ಪಟ್ಟಿಗೆ ಇದು ಬರಬೇಕು. ಕೈಗಾರಿಕೆಯ ನಿಯಂತ್ರಣ ವ್ಯವಸ್ಥೆಗಳ ಬಹುಪಾಲು ತಂತ್ರಾಂಶ ಮುಚ್ಚಿದ ಪೆಟ್ಟಿಗೆ. ಇದರ ಒಳಗನ್ನು ಮಾತ್ರ ಸಾಲು ಸಾಲಾಗಿ ಓದಿ ನೋಡಬಹುದು.

ಫರ್ಮಿಲ್ಯಾಬ್‌ನಲ್ಲಿ ಸದ್ಯ ಈ ಕ್ಷೇತ್ರದ ಅತಿ ಕಠಿಣ ಕೆಲಸಗಳಲ್ಲೊಂದು ನಡೆದಿದೆ. ಟೆವಟ್ರಾನ್ ಎಂಬ ಹಳೆಯ ವೇಗವರ್ಧಕದ ಕಾಲದಿಂದ ಅಲ್ಲಿನ ಎಲ್ಲ ಯಂತ್ರಗಳನ್ನು ನಡೆಸಿದ ಎಸಿನೆಟ್‌ಗೆ ವಯಸ್ಸಾಗಿದೆ. ಅಲ್ಲಿ ಕಟ್ಟುತ್ತಿರುವ ಹೊಸ ಪಿಐಪಿ-2 ವೇಗವರ್ಧಕಕ್ಕೆ ಎಪಿಕ್ಸ್ ನಿಗದಿಯಾಗಿದೆ. 800 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆ ಯಂತ್ರಕ್ಕೆ ಭಾರತದ ಅಣುಶಕ್ತಿ ಇಲಾಖೆಯ ಕೇಂದ್ರಗಳೂ ಭಾಗಗಳನ್ನು ಮಾಡಿಕೊಡುತ್ತಿವೆ. ಹಳೆಯ ಯಂತ್ರಗಳು ಪ್ರಯೋಗಗಳಿಗೆ ಕಣ ಒದಗಿಸುತ್ತಲೇ ಇರಬೇಕು, ಅದೇ ಹೊತ್ತಿಗೆ ದಶಕಗಳಲ್ಲಿ ಬೆಳೆದ ಸಾವಿರಾರು ಹೆಸರುಗಳು, ಪರದೆಗಳು, ರೂಢಿಗಳು ಹೊಸ ವ್ಯವಸ್ಥೆಗೆ ದಾಟಬೇಕು. ವರ್ಜೀನಿಯಾದ ಜೆಫರ್ಸನ್ ಪ್ರಯೋಗಾಲಯ 1990ರ ದಶಕದಲ್ಲಿ ತನ್ನ ಸ್ವಂತ ತಂತ್ರಾಂಶದಿಂದ ಎಪಿಕ್ಸ್‌ಗೆ ದಾಟಿದಾಗಲೂ ಹೀಗೇ ಒಂದೊಂದು ವಿಭಾಗವನ್ನು ಬಿಡಿಬಿಡಿಯಾಗಿ ಸಾಗಿಸಿತ್ತು. ಫರ್ಮಿಲ್ಯಾಬ್‌ನಲ್ಲಿ ಎರಡೂ ವ್ಯವಸ್ಥೆಗಳು ಕೆಲ ಕಾಲ ಅಕ್ಕಪಕ್ಕದಲ್ಲಿ ಓಡಲಿವೆ. ನಡುವೆ ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಸುವ ದುಭಾಷಿ ಪ್ರೋಗ್ರಾಮುಗಳು ಕೆಲಸ ಮಾಡಲಿವೆ.